ಕಾಯಿ ಬೀಳೋ ಜಾಗ

"ಮಿಸ್, 52 ಬಂದೈತೆ. ಅದು ಪುಸ್ತಕದಾಗೆ ಇಲ್ಲ."

ಹತ್ತನೇ ಕ್ಲಾಸಿನ ಹುಡುಗ. ಶಾಲೆ ಗೇಟಿನ ಪಕ್ಕದ ತೆಂಗಿನಮರದಿಂದ 12 ಮೀಟರ್ ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ಪರಂಗಿ ಎಲೆಯ ದಂಟಿನ ತೂತಿನಿಂದ ಮರದ ಸುಳಿ ನೋಡುತ್ತಾ ಅದರ ಎತ್ತರ ಅಳೆಯುತ್ತಿದ್ದ. ದಂಟಿಗೆ ಕೋನಮಾಪಕ ಕಟ್ಟಿತ್ತು, ಕೋನಮಾಪಕದಿಂದ ದಾರ, ದಾರದ ತುದಿಗೆ ಒಂದು ಕಲ್ಲು. ದಾರ 38ರ ಗೆರೆ ಮೇಲೆ ನಿಂತಿತ್ತು. 90ರಲ್ಲಿ 38 ಕಳೆದು ಉನ್ನತ ಕೋನ, ಅಂದರೆ ಕಣ್ಣಿನ ಮಟ್ಟದಿಂದ ನೋಟ ಮೇಲೇರಿದ ಕೋನ, 52 ಡಿಗ್ರಿ ಅಂತ ಸರಿಯಾಗಿಯೇ ಹೇಳಿದ್ದ. ಆದರೆ ಹೇಳಿದ್ದು ದೂರು ಕೊಡುವ ದನಿಯಲ್ಲಿ, ಮರವೇ ಏನೋ ತಪ್ಪು ಮಾಡಿದೆ ಅನ್ನುವ ಹಾಗೆ.

ಅವನನ್ನ ಅಂದು ಏನು ಪ್ರಯೋಜನ? ತ್ರಿಕೋನಮಿತಿಯ ಅನ್ವಯಗಳ ಪಾಠದಲ್ಲಿ ಬರುವ ಗೋಪುರ, ಕಂಬ, ಕಟ್ಟಡಗಳೆಲ್ಲ ಹೆಚ್ಚುಕಡಿಮೆ 30, 45, 60 ಡಿಗ್ರಿಯಲ್ಲೇ ಕಾಣಿಸಿಕೊಳ್ಳುತ್ತವೆ. ಆ ಮೂರು ಕೋನಗಳ ಬೆಲೆಯನ್ನ ಮಕ್ಕಳು ಮಗ್ಗಿ ಹಾಗೆ ಬಾಯಿಪಾಠ ಮಾಡಿರುತ್ತಾರೆ. ಊರಿನ ಮರಗಳಿಗೆ ಆ ಶಿಸ್ತು ಇಲ್ಲ.

ನಾನು ಬಿ.ಇಡಿ. ಎರಡನೇ ವರ್ಷ, ಗಣಿತ ಮತ್ತು ಭೌತಶಾಸ್ತ್ರ. ಇಂಟರ್ನ್‌ಶಿಪ್‌ಗೆ ಸಿಕ್ಕಿದ್ದು ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಹತ್ತನೇ ಕ್ಲಾಸಿನಲ್ಲಿ 38 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಜನರ ಮನೇಲಿ ತೆಂಗು, ಉಳಿದವರ ಮನೆಯವರು ತೆಂಗಿನ ತೋಟದಲ್ಲಿ ಕೂಲಿ. ಕೊಬ್ಬರಿ ರೇಟು ಇಳಿದ ವಾರ ಕ್ಲಾಸಿನಲ್ಲಿ ಮುಖಗಳೂ ಇಳಿದಿರುತ್ತಿದ್ದವು. ನಾನು ತುಮಕೂರಿನ ಪೇಟೆಯಲ್ಲಿ ಬೆಳೆದವಳು. ಕಲ್ಪತರು ನಾಡು ಅಂತ ಭಾಷಣದಲ್ಲಿ ಕೇಳಿದ್ದೆನೇ ಹೊರತು, ಎಳನೀರಿಗೂ ಗಂಜಿ ಕಾಯಿಗೂ ದೂರದಿಂದ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ತೆಂಗಿನಮರ ಅಳೆಯೋದು ನನ್ನ ಯೋಜನೆಯಲ್ಲೇ ಇರಲಿಲ್ಲ. ನನ್ನ ಯೋಜನೆ ಟಿ.ವಿ.ಯದು.

ಶಾಲೆಯಲ್ಲಿ ದೊಡ್ಡದೊಂದು ಸ್ಮಾರ್ಟ್ ಟಿ.ವಿ. ಇತ್ತು. ಯಾರೋ ದಾನಿಗಳು ಕೊಟ್ಟದ್ದು. ಕಳ್ಳರ ಭಯಕ್ಕೆ ಹೆಚ್.ಎಂ. ರೂಮಿನಲ್ಲೇ ಗೋಡೆಗೆ ಹೊಡೆದಿದ್ದರು. ಒಂದು ಭಾನುವಾರ ಪೂರ್ತಿ ಕೂತು ವಿಡಿಯೋ ಆರಿಸಿದೆ. ಬಣ್ಣಬಣ್ಣದ ಗೋಪುರ, ಮೇಲಿನಿಂದ ಇಳಿದು ಬರುವ ಚುಕ್ಕೆ ಗೆರೆ, ಹಿನ್ನೆಲೆಗೆ ಸಂಗೀತ. ಸೋಮವಾರ ಪೆನ್‌ಡ್ರೈವ್ ಹಾಕಿದರೆ ಫೈಲ್ ತೆಗೆಯಲಿಲ್ಲ. ಮಂಗಳವಾರ ಫೈಲ್ ತೆಗೆಯಿತು, ಕರೆಂಟ್ ಹೋಯಿತು. ಬುಧವಾರ ಎರಡೂ ಇದ್ದವು. 38 ಮಕ್ಕಳನ್ನ ಹೆಚ್.ಎಂ. ರೂಮಿನ ನೆಲದ ಮೇಲೆ ಕೂರಿಸಿ ಹದಿನಾಲ್ಕು ನಿಮಿಷ ತೋರಿಸಿದೆ. ಪಿಟಕ್ ಅನ್ನಲಿಲ್ಲ ಒಬ್ಬರೂ. ಅವತ್ತೇ ಕಾಲೇಜಿನಿಂದ ಪಾಠ ವೀಕ್ಷಣೆಗೆ ಬಂದಿದ್ದವರು ನನ್ನ ಪುಸ್ತಕದಲ್ಲಿ "ತಂತ್ರಜ್ಞಾನದ ಬಳಕೆ ಉತ್ತಮ, ಮಕ್ಕಳು ಆಸಕ್ತಿಯಿಂದ ಪಾಲ್ಗೊಂಡರು" ಅಂತ ಬರೆದು ಸಹಿ ಹಾಕಿದರು.

ವಿಡಿಯೋ ಮುಗಿದ ಮೇಲೆ ಕೇಳಿದೆ, "ಉನ್ನತ ಕೋನ ಅಂದ್ರೆ ಯಾವುದು, ತೋರಿಸಿ ನೋಡೋಣ?" ಮೌನ. ಆಮೇಲೆ ಹಿಂದಿನಿಂದ ಒಂದು ದನಿ: "ಇನ್ನೊಂದ್ ಹಾಕಿ ಮಿಸ್."

ಆ ಮೌನವನ್ನ ನಾನು ಗಮನ ಅಂದುಕೊಂಡಿದ್ದೆ. ಮನೇಲಿ ಧಾರಾವಾಹಿ ನೋಡುವಾಗ ನಮ್ಮಮ್ಮನೂ ಹಾಗೇ ಸುಮ್ಮನಿರುತ್ತಾಳೆ.

ಫೋನಿನ ಕಥೆಯೂ ಅಷ್ಟೇ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆಯಲ್ಲ, ದೀಕ್ಷಾ ಆ್ಯಪ್‌ನಲ್ಲಿ ತೆಗೆದು ನೋಡಿಕೊಂಡು ಬನ್ನಿ ಅಂದಿದ್ದೆ. ಮಾರನೇ ದಿನ ಕೈ ಎತ್ತಿದವರು ಏಳು ಜನ, ಏಳೂ ಹುಡುಗರು. ಹುಡುಗಿಯರನ್ನ ಕೇಳಿದರೆ ಒಂದೇ ಉತ್ತರ: "ಫೋನ್ ಅಣ್ಣನ ತಾವ ಐತೆ ಮಿಸ್." ಆ ಹೋಮ್‌ವರ್ಕನ್ನ ಅಲ್ಲಿಗೇ ನಿಲ್ಲಿಸಿದೆ. ಶಾಲೆಗಂತೂ ಮಕ್ಕಳು ಫೋನ್ ತರುವ ಹಾಗಿಲ್ಲ. ಅಂದಮೇಲೆ ಆ ಕ್ಲಾಸಿನಲ್ಲಿ ತಂತ್ರಜ್ಞಾನ ಅಂದರೆ ನನ್ನ ಒಂದು ಫೋನು, ಅದರ ಮೂಲೆಯ ಗಾಜು ಬೇರೆ ಒಡೆದಿತ್ತು.

ಮರದ ವಿಷಯ ಬಂದದ್ದು ಊಟದ ಹೊತ್ತಿನಲ್ಲಿ. ಶಾಲೆ ಕಾಂಪೌಂಡಿನ ಮರಗಳಿಗೆ ಕಾಯಿ ಕೀಳಿಸುತ್ತಿದ್ದರು. ಮರ ಹತ್ತುತ್ತಿದ್ದವರು ನಮ್ಮ ಕ್ಲಾಸಿನ ಒಬ್ಬ ಹುಡುಗನ ತಂದೆ. "ಎಷ್ಟು ಎತ್ತರ ಇರಬಹುದು ಇದು?" ಅಂತ ಸುಮ್ಮನೆ ಬಾಯಿಗೆ ಬಂದದ್ದನ್ನ ಕೇಳಿದೆ. ತಟ್ಟೆ ಹಿಡಿದು ನಿಂತಿದ್ದವರೆಲ್ಲ ಒಟ್ಟಿಗೆ ಶುರು ಮಾಡಿದರು. ಮೂವತ್ತಡಿ, ನೂರಡಿ, ನಮ್ಮ ತೋಟದ್ದು ಇದಕ್ಕಿಂತ ಉದ್ದ, ಹೋಗೋ ಸುಳ್ಳಾ. ಕ್ಲಾಸಿನಲ್ಲಿ ಒಂದು ದಿನವೂ ಬಾಯಿ ಬಿಡದ ಇಬ್ಬರು ಜಗಳಕ್ಕೇ ನಿಂತರು. ನನ್ನ ಹದಿನಾಲ್ಕು ನಿಮಿಷದ ವಿಡಿಯೋ ಮಾಡದ ಕೆಲಸ!

"ಹತ್ತದೆ ಅಳೆಯೋಕಾಗ್ತದಾ?" ಅಂದೆ.

ಮಾರನೇ ದಿನ ಏಳು ಗುಂಪು, ಏಳು ಕೋನಮಾಪಕ. ಜ್ಯೂಸಿನ ಸ್ಟ್ರಾ ತರೋಣ ಅಂದುಕೊಂಡಿದ್ದೆ. ಪೀಪಿ ಮಾಡೋ ಪರಂಗಿ ದಂಟು ಇರುವಾಗ ಅದ್ಯಾಕೆ ಅಂದಳು ಒಬ್ಬ ಹುಡುಗಿ. ನನ್ನ ಫೋನಿನಲ್ಲಿ ಇಳಿಜಾರು ತೋರಿಸುವ ಒಂದು ಆ್ಯಪ್ ಹಾಕಿ ಅದಕ್ಕೂ ಒಂದು ದಂಟು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದೆವು. ಗುಂಪುಗಳ ಕೋನ ಅನುಮಾನ ಬಂದರೆ ಫೋನು ತೀರ್ಪು ಕೊಡಬೇಕು ಅಂತ ಮಾತಾಯಿತು. ಆದರೆ ಒಬ್ಬ ಬಿಡಲಿಲ್ಲ: "ಇದ್ಕೆ ದಾರ ಇಲ್ಲ, ಕಲ್ಲಿಲ್ಲ. ಹೆಂಗ್ ಗೊತ್ತಾಯ್ತದೆ ಕೆಳಗೆ ಯಾವ್ದು ಅಂತ?"

ಬಿ.ಇಡಿ.ಯ ಎರಡು ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ. ಫೋನಿನೊಳಗೂ ಒಂದು ಕಲ್ಲಿದೆ ಅಂದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಣುಕು, ಅಷ್ಟೇ ಸಣ್ಣ ಸ್ಪ್ರಿಂಗಿಗೆ ತಗುಲಿಕೊಂಡಿದೆ. ಫೋನು ವಾಲಿಸಿದರೆ ಭೂಮಿ ಅದನ್ನ ಎಳೆಯುತ್ತದೆ, ಅದು ಚೂರು ಜರುಗುತ್ತದೆ, ಎಷ್ಟು ಜರುಗಿತು ಅನ್ನೋದನ್ನ ವಿದ್ಯುತ್ತಿನ ಲೆಕ್ಕದಲ್ಲಿ ಓದಿ ಕೋನ ಹೇಳುತ್ತದೆ. ಅವನು ಫೋನನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ, ಕಾಯಿಯಲ್ಲಿ ನೀರಿದೆಯಾ ಅಂತ ನೋಡುವ ಹಾಗೆ.

ಈಗ ಆ 52ಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಇಲ್ಲದ ಕೋನಕ್ಕೆ ಕ್ಯಾಲ್ಕುಲೇಟರ್ ಬೇಕೇ ಬೇಕು, ಫೋನು ಕೊಟ್ಟೆ. ಟ್ಯಾನ್ ಅಂದರೆ ಎತ್ತರವನ್ನ ದೂರದಿಂದ ಭಾಗಿಸಿದ ಬೆಲೆ, ಹಾಗಾಗಿ ಟ್ಯಾನ್ 52, ಗುಣಿಸು 12. ಹುಡುಗ ಒತ್ತಿದ, ನೋಡಿದ, ನನ್ನ ಮುಖ ನೋಡಿದ. "ಮೈನಸ್ 72.6 ಮಿಸ್."

"ಮರ ಅಲ್ಲ ಕಣ್ಲಾ, ಬೋರ್‌ವೆಲ್ಲು!" ಪಕ್ಕದವನು ಅಂದಿದ್ದೇ ತಡ, ಇಡೀ ಗುಂಪು ನೆಲಕ್ಕೆ ಬಿದ್ದು ನಕ್ಕಿತು.

ಕ್ಯಾಲ್ಕುಲೇಟರ್ ರೇಡಿಯನ್ ಅನ್ನುವ ಇನ್ನೊಂದು ಕೋನದಳತೆಯಲ್ಲಿತ್ತು, ಡಿಗ್ರಿಗೆ ಬದಲಾಯಿಸಿರಲಿಲ್ಲ. ನನಗೆ ಗೊತ್ತಾಯಿತು, ಹೇಳಲಿಲ್ಲ. ಹೇಳದೆ ಸುಮ್ಮನಿರೋದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು, ನಾಲಿಗೆ ತುದೀಲಿ ಬಂದು ಕೂತಿತ್ತು. "ಯಂತ್ರ ಸರಿಯೋ ತಪ್ಪೋ ಅಂತ ಹೇಗೆ ಪರೀಕ್ಷೆ ಮಾಡ್ತೀರಿ?" ಅಂದೆ, ಅಷ್ಟೇ. ಉತ್ತರ ಬಾಯಿಪಾಠದ ಕಡೆಯಿಂದಲೇ ಬಂತು. ಟ್ಯಾನ್ 45 ಅಂದರೆ 1 ಅಂತ ಎಲ್ಲರಿಗೂ ಗೊತ್ತು, ಅದನ್ನ ಒತ್ತಿ ನೋಡಿದರು, 1 ಬರಲಿಲ್ಲ. ಅಲ್ಲಿಂದ ಪರದೆಯ ಮೇಲೆ ಕಂಡ ಗುಂಡಿಗಳನ್ನೆಲ್ಲ ಒತ್ತುತ್ತಾ ಹೋದರು. ಡಿಗ್ರಿ ಸಿಕ್ಕಿತು. ಟ್ಯಾನ್ 52 ಅಂದರೆ 1.28, ಗುಣಿಸು 12, 15.36. ಅದಕ್ಕೆ ನೋಡುವವನ ಕಣ್ಣಿನ ಎತ್ತರ 1.4 ಸೇರಿಸಿದರೆ 16.76 ಮೀಟರ್. ಬಾಯಿಪಾಠವನ್ನ ನಾವು ಬಿ.ಇಡಿ. ಕ್ಲಾಸಿನಲ್ಲಿ ಬಾಯಿ ತುಂಬ ಬೈಯುತ್ತೇವೆ. ಅವತ್ತು ಫೋನನ್ನ ಹಿಡಿದು ಹಾಕಿದ್ದು ಅದೇ.

ಉಳಿದ ಗುಂಪುಗಳ ಉತ್ತರ ಎಲ್ಲೆಲ್ಲೋ ಇದ್ದವು. 20 ಮೀಟರ್ ದೂರ ನಿಂತವರಿಗೆ 15.07, ಅವರು ಕಣ್ಣಿನ ಎತ್ತರ ಸೇರಿಸೋದು ಮರೆತಿದ್ದರು. 5 ಮೀಟರಿನಲ್ಲೇ ನಿಂತು ಕತ್ತು ನೋಯಿಸಿಕೊಂಡವರಿಗೆ 18.8.

ಒಂದು ಗುಂಪಿನ ಹುಡುಗಿ ಮಾತ್ರ ಕೂತೇ ಇದ್ದಳು, ಲೆಕ್ಕದ ಪುಟ ಖಾಲಿ. ಏನಮ್ಮಾ ಅಂದರೆ, "ಮುಗೀತು ಮಿಸ್. ದಾರ 45ಕ್ಕೆ ಬರೋಗಂಟ ಹಿಂದಕ್ಕೆ ನಡ್ದೆ. ಅಲ್ಲಿಂದ ಮರದ ಬುಡಕ್ಕೆ 15.2. ಇನ್ನೇನ್ ಲೆಕ್ಕ, ನನ್ನ ಕಣ್ಣಿನೆತ್ತರ ಸೇರಿಸಿದ್ರೆ 16.6."

ನಾನು ಅವಳನ್ನ ಬೈದೆ. ಸುಮ್ಮನೆ ಮುಚ್ಚಿಡಲ್ಲ, ಬೈದೆ. ಸೂತ್ರ ಹಾಕಿ, ಹಂತಹಂತವಾಗಿ ಬಿಡಿಸಬೇಕು, ಇದು ಕಳ್ಳದಾರಿ, ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡಲ್ಲ ಅಂದೆ. ಅವಳು ತಲೆ ತಗ್ಗಿಸಿ ಟ್ಯಾನ್ θ ಬರೆಯಲು ಶುರು ಮಾಡಿದಳು.

ರಾತ್ರಿ ಹಾಸ್ಟೆಲಿನಲ್ಲಿ ಏಳು ಗುಂಪಿನ ಅಂಕಿಗಳನ್ನ ಸ್ಪ್ರೆಡ್‌ಶೀಟಿಗೆ ಹಾಕುತ್ತಾ ಕೂತೆ. ಕೈಯಲ್ಲಿ ಹಿಡಿದ ಕೋನಮಾಪಕ ಒಂದು ಡಿಗ್ರಿ ತಪ್ಪು ತೋರಿಸೋದು ಸಹಜ. ಆ ಒಂದು ಡಿಗ್ರಿಗೆ ಎತ್ತರ ಎಷ್ಟು ಕೆಡುತ್ತದೆ? ಕಣ್ಣಿನ ಮಟ್ಟದಿಂದ ಮೇಲೆ 15 ಮೀಟರ್ ಇರುವ ಮರ ಅಂತ ಇಟ್ಟುಕೊಂಡೆ. 5 ಮೀಟರ್ ದೂರದಲ್ಲಿ ನಿಂತರೆ ತಪ್ಪು ಸುಮಾರು 92 ಸೆಂಟಿಮೀಟರ್. 30 ಮೀಟರ್ ದೂರ ಹೋದರೆ 66. ನಡುವೆ ದೂರವನ್ನ ಒಂದೊಂದೇ ಮೀಟರ್ ಬದಲಾಯಿಸುತ್ತಾ ಬಂದೆ. ತಪ್ಪು ಇಳಿಯುತ್ತಾ ಇಳಿಯುತ್ತಾ ಹೋಗಿ ಮತ್ತೆ ಏರಿತು. ಎಲ್ಲಕ್ಕಿಂತ ಕಡಿಮೆ, 53 ಸೆಂಟಿಮೀಟರ್, ಸರಿಯಾಗಿ 15 ಮೀಟರಿನಲ್ಲಿ. ಅಂದರೆ 45 ಡಿಗ್ರಿಯಲ್ಲಿ. ನಾನು ಕಳ್ಳದಾರಿ ಅಂದೆನಲ್ಲ, ಅದೇ ಜಾಗದಲ್ಲಿ.

ಪದವಿಯಲ್ಲಿ ಮೂರು ವರ್ಷ ಕ್ಯಾಲ್ಕುಲಸ್ ಓದಿದವಳು ನಾನು. ಕಾಗದದ ಮೇಲೆ ಎರಡು ಸಾಲಿನಲ್ಲಿ ಬರುವ ವಿಷಯ ಇದು, ಒಂದು ದಿನವೂ ಹೊಳೆದಿರಲಿಲ್ಲ.

ಮಾರನೇ ದಿನ ಎಲ್ಲರ ಮುಂದೆ ತಪ್ಪಾಯ್ತಮ್ಮ ಅಂದೆ. ಅವಳು ನಾಚಿಕೊಂಡು ಡೆಸ್ಕಿನ ಕೆಳಗೆ ಬಗ್ಗಿದಳು. ಆಮೇಲೆ ಮತ್ತೆ ಹೆಚ್.ಎಂ. ರೂಮು, ಮತ್ತೆ ಅದೇ ಟಿ.ವಿ. ಈ ಸಲ ಜಿಯೋಜೀಬ್ರಾದಲ್ಲಿ ಒಂದು ಮರ, ಒಂದು ಚುಕ್ಕೆ. ಚುಕ್ಕೆ ಎಳೆದರೆ ಕೋನ ಬದಲಾಗುತ್ತದೆ, ಪಕ್ಕದಲ್ಲಿ ಒಂದು ಡಿಗ್ರಿಯ ತಪ್ಪಿಗೆ ಎತ್ತರ ಎಷ್ಟು ಕೆಡುತ್ತದೆ ಅನ್ನೋದು ಕಾಣುತ್ತದೆ. ಉಚಿತ ತಂತ್ರಾಂಶ, ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಹನ್ನೆರಡೇ ನಿಮಿಷ. ಪಕ್ಕದ ರೂಮಿನ ಹಿಂದಿ ಟೀಚರ್ ಗಲಾಟೆ ಏನು ಅಂತ ಬಂದು ಇಣುಕಿ ಹೋದರು. "ಇನ್ನೂ ಹಿಂದಕ್ಕೆ ಎಳೀರಿ ಮಿಸ್, ರೋಡ್‌ಗಂಟ ಎಳೀರಿ" ಅಂತ ಕೂಗು. ಟಿ.ವಿ. ಅದೇ, ನೆಲ ಅದೇ, ಮಕ್ಕಳೂ ಅವರೇ. ಹಿಂದಿನ ದಿನ ಬಿಸಿಲಲ್ಲಿ ನಿಂತು ತಪ್ಪು ಉತ್ತರ ತಂದಿದ್ದರು, ಅದಕ್ಕೆ ಕಾರಣ ಬೇಕಾಗಿತ್ತು ಅವರಿಗೆ. ನನ್ನ ಪಾಠ ಯೋಜನೆಯಲ್ಲಿ ಯಾವಾಗಲೂ ವಿಡಿಯೋ ಮೊದಲು, "ತೊಡಗಿಸಿಕೊಳ್ಳುವಿಕೆ" ಅನ್ನುವ ಹಂತದಲ್ಲಿ ಬರುತ್ತಿತ್ತು. ಈಗ ಕೊನೆಗೆ ತಳ್ಳಿದ್ದೇನೆ.

ಎರಡನೇ ಮರದ್ದು ಇನ್ನೊಂದು ರಗಳೆ. ವಾಲಿಬಾಲ್ ಅಂಕಣದ ಪಕ್ಕದ್ದು. ಎರಡು ಗುಂಪು ಎದುರುಬದುರು ನಿಂತವು, ಇಬ್ಬರೂ ಬುಡದಿಂದ ಸರಿಯಾಗಿ 12 ಮೀಟರ್. ನಾನೇ ಟೇಪು ಹಿಡಿದಿದ್ದೆ. ಒಬ್ಬರಿಗೆ 55 ಡಿಗ್ರಿ, ಎತ್ತರ 18.5. ಇನ್ನೊಬ್ಬರಿಗೆ 48 ಡಿಗ್ರಿ, ಎತ್ತರ 14.7. ಫೋನು ಹಿಡಿದು ನೋಡಿದರೂ ಅದೇ ಕೋನಗಳು. ಒಂದೇ ಮರ, ಸುಮಾರು ನಾಲ್ಕು ಮೀಟರ್ ವ್ಯತ್ಯಾಸ. ಲೆಕ್ಕದಲ್ಲಿ ತಪ್ಪಿಲ್ಲ, ಕೋನದಲ್ಲಿ ತಪ್ಪಿಲ್ಲ, ಕಣ್ಣಿನ ಎತ್ತರವನ್ನೂ ಸೇರಿಸಿದ್ದಾರೆ. ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಪಾಠ ಮಾಡುವವಳಿಗೇ ಗೊತ್ತಿಲ್ಲ ಅಂದಾಗ ಮಕ್ಕಳ ಮುಖದಲ್ಲಿ ಒಂದು ಖುಷಿ ಬರುತ್ತದೆ, ನೋಡಬೇಕು ಅದನ್ನ.

ಕಾಯಿ ಕೀಳುವವರ ಮಗ ಅಷ್ಟು ಹೊತ್ತೂ ಕಲ್ಲಿನ ಮೇಲೆ ಕೂತಿದ್ದ. ಅವನಿಗೆ ದಶಮಾಂಶದ ಭಾಗಾಕಾರ ಬರುವುದಿಲ್ಲ. ಗುಂಪಿನಲ್ಲಿ ದಾರಕ್ಕೆ ಕಲ್ಲು ಕಟ್ಟುವ ಕೆಲಸ ಮಾತ್ರ ಅವನದು. "ಮರ ವಾಲೈತೆ ಮಿಸ್," ಅಂದ.

ವಾಲಿದೆ, ಎಲ್ಲರಿಗೂ ಕಾಣುತ್ತದೆ. ಅದಕ್ಕೇನೀಗ?

"ಬುಡದಿಂದ ಯಾಕ್ ಅಳೀತೀರಿ? ಸುಳಿ ಬುಡದ ಮ್ಯಾಲೆ ಇಲ್ವಲ್ಲ. ಕಾಯಿ ಬೀಳೋ ಜಾಗದಿಂದ ಅಳೀಬೇಕು."

ಎದ್ದು ಹೋಗಿ ನೆಲದಲ್ಲಿ ತೋರಿಸಿದ. ಬುಡದಿಂದ ಒಂದೂವರೆ ಮೀಟರ್ ಈಚೆಗೆ, ಹುಲ್ಲಿಲ್ಲದೆ ಗಟ್ಟಿಯಾಗಿ, ಅಲ್ಲಲ್ಲಿ ಗುಂಡಿ ಬಿದ್ದ ನೆಲ. ವರ್ಷಗಟ್ಟಲೆ ಕಾಯಿ ಬಿದ್ದೂ ಬಿದ್ದೂ ಆದ ಗುರುತು. ಅಲ್ಲಿಂದ ಅಳೆದರೆ ಒಂದು ಗುಂಪು ಇದ್ದದ್ದು 10.5 ಮೀಟರ್ ದೂರ, ಇನ್ನೊಂದು 13.5. ಮತ್ತೆ ಗುಣಿಸಿದರು. 16.4. ಇವರಿಗೂ 16.4.

ಅವನ ತಂದೆಯನ್ನ ಸಂಜೆ ಕೇಳಿದೆ. ತಲೆ ಎತ್ತಿ ಒಂದು ಸಲ ನೋಡಿ, "ಒಂಬತ್ತು ಮಾರು ಐತವ್ವ, ಒಂದು ಮೊಳ ಆಚೀಚೆ," ಅಂದರು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಆರಡಿ ಲೆಕ್ಕ. ಒಂಬತ್ತಾರಲ ಐವತ್ನಾಲ್ಕು ಅಡಿ, ಮೀಟರಿಗೆ ತಂದರೆ 16.46. ಫೋನೂ ಇಲ್ಲ, ದಂಟೂ ಇಲ್ಲ. ಹಗ್ಗ ಎಷ್ಟು ತರಬೇಕು ಅಂತ ನೋಡಿ ನೋಡಿ ಬಂದ ಕಣ್ಣಳತೆ ಅದು. (ಅಂದ ಹಾಗೆ, ನಾವು ಅಳೆದ ಮರಗಳಿಗೆಲ್ಲ ಅದೇ ವಾರ ಕಾಯಿ ಇಳಿಸಿಯಾಗಿತ್ತು. ಕಾಯಿ ಇರುವ ಮರದ ಕೆಳಗೆ ಯಾರೂ ಮಕ್ಕಳನ್ನ ನಿಲ್ಲಿಸಬೇಡಿ.)

ಈ ಸಂಭ್ರಮಕ್ಕೆಲ್ಲ ಆರು ಪೀರಿಯಡ್ ಹಿಡಿಯಿತು. ಶಾಲೆಯ ಗಣಿತದ ಮೇಷ್ಟ್ರು, ನನಗೆ ಮಾರ್ಗದರ್ಶಕರು, ಬೇಸರ ಮಾಡಿಕೊಳ್ಳದೆ ಕರೆದು ಹೇಳಿದರು: "ನೋಡಮ್ಮ, ಚೆನ್ನಾಗಿ ಮಾಡಿದೆ. ಆದರೆ ನೀನು ಮುಂದಿನ ತಿಂಗಳು ಹೋಗ್ತೀಯ. ಪೋರ್ಷನ್ ನಾನು ಮುಗಿಸಬೇಕು. ಮಾರ್ಚ್ ಪರೀಕ್ಷೇಲಿ ರಿಸಲ್ಟ್ ಕಮ್ಮಿ ಬಂದ್ರೆ ನೋಟಿಸ್ ಬರೋದು ನನಗೆ, ತೆಂಗಿನಮರಕ್ಕಲ್ಲ." ಅವರ ಟೇಬಲ್ಲಿನ ಮೇಲೆ ಪಾಸಿಂಗ್ ಪ್ಯಾಕೇಜ್ ಅಂತ ಹಿಂದುಳಿದ ಮಕ್ಕಳಿಗೆ ಅವರೇ ಬರೆದು ಜೆರಾಕ್ಸ್ ಮಾಡಿಸಿದ ಕಟ್ಟು ಇತ್ತು, ಸ್ವಂತ ದುಡ್ಡಿನಲ್ಲಿ. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಕಾಯಿ ಬೀಳೋ ಜಾಗ ತೋರಿಸಿದ ಹುಡುಗನಿಗೆ ಭಾಗಾಕಾರ ಇವತ್ತಿಗೂ ಬರುವುದಿಲ್ಲ, ಅದನ್ನ ಮರ ಕಲಿಸಲಿಲ್ಲ. ನನ್ನದೇ ಶಾಲೆ, ನನ್ನದೇ ಕ್ಲಾಸು ಅಂತಾದಾಗ ಎಂಟನೇ ತರಗತಿಯಿಂದಲೇ ಇಂಥದ್ದನ್ನ ಶುರು ಮಾಡಬೇಕು, ಹತ್ತಕ್ಕೆ ಬಂದಮೇಲೆ ಹೊತ್ತು ಮೀರಿರುತ್ತದೆ ಅನ್ನಿಸಿದೆ. ಇಲ್ಲಿಯವರೆಗೆ ಅನ್ನಿಸಿರುವುದು ಅಷ್ಟೇ.

ಅದಕ್ಕೂ ಮೊದಲು ಟಿ.ಇ.ಟಿ., ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. 150 ಪ್ರಶ್ನೆ, 150 ನಿಮಿಷ. ತಯಾರಿಯ ಗೈಡಿನಲ್ಲಿ "ಸಮಸ್ಯಾ ಪರಿಹಾರ ವಿಧಾನದ ಹಂತಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ" ಅಂತ ಒಂದು ಪ್ರಶ್ನೆ. ಮೊದಲನೆಯದು ಸಮಸ್ಯೆಯನ್ನ ಗುರುತಿಸುವುದು. ನಾನು ಸರಿ ಉತ್ತರಕ್ಕೇ ಟಿಕ್ ಹಾಕಿದೆ. ಹಾಕುವಾಗ ಆ ಹನ್ನೆರಡು ಮೀಟರಿನ ಎರಡು ಗುಂಪು ನೆನಪಾದವು. ನಾವು ಎಲ್ಲ ಹಂತ ಮುಗಿಸಿ, ಉತ್ತರ ಬರೆದು, ಆಮೇಲೆ ಸಮಸ್ಯೆ ಏನು ಅಂತ ಹುಡುಕಿದ್ದು.

ಒಂದು ಮಾತು ಬಿಟ್ಟಿದ್ದೆ. ನೆರಳಿನಿಂದಲೂ ಅಳೆಯಬಹುದು ಅಂತ ಒಂದು ದಿನ ಹೇಳಿದ್ದೆ. ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ನಮ್ಮ ಕಡೆಯವನೇ ಆದ ಮಹಾವೀರಾಚಾರ್ಯ ತನ್ನ ಗಣಿತದ ಗ್ರಂಥದಲ್ಲಿ ನೆರಳಿನ ಲೆಕ್ಕಕ್ಕೇ ಒಂದು ಅಧ್ಯಾಯ ಇಟ್ಟಿದ್ದಾನೆ ಅಂತಲೂ ಹೇಳಿದೆ. "ಅವಾಗ್ಲೂ ಎಕ್ಸಾಮ್ ಇತ್ತಾ ಮಿಸ್?" ಅಂದರು. ನೆರಳಿನ ಪ್ರಯೋಗ ಮಾತ್ರ ನಡೆಯಲಿಲ್ಲ. ಅವತ್ತಿನಿಂದ ಮೂರು ದಿನ ಮೋಡ.

ಕೊನೇ ದಿನ ಸಂಜೆ ಬಸ್ ಸ್ಟ್ಯಾಂಡಿಗೆ ಐದಾರು ಜನ ಬಂದಿದ್ದರು. ಬಸ್ ಬಂತು, ಹತ್ತಿದೆ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟರು. ಆಗ ಕಿಟಕಿ ಕೆಳಗೆ ಕಾಯಿ ಬೀಳೋ ಜಾಗ ತೋರಿಸಿದ ಅದೇ ಹುಡುಗ: "ಮಿಸ್, ಅಡುಗೆ ಕೋಣೆ ಹಿಂದ್ಗಡೆ ಮರ ಐತಲ್ಲ, ಅದು ಪೂರಾ ವಾಲೈತೆ. ಅದ್ರ ಕಾಯಿ ಶೀಟ್ ಮ್ಯಾಲೆ ಬೀಳ್ತದೆ. ನೆಲದಾಗೆ ಜಾಗನೇ ಇಲ್ಲ. ಅದನ್ನ ಎಲ್ಲಿಂದ ಅಳೀಬೇಕು?"

ಬಸ್ ಹೊರಟಿತು. "ಎರಡೂ ಕಡೆಯಿಂದ ನೋಡು, ಎರಡು ಕೋನ ತಗೋ!" ಅಂತ ಕೂಗಿದೆ. ಕೇಳಿಸಿತೋ ಇಲ್ಲವೋ, ಅವನು ಕೈ ಬೀಸುತ್ತಿದ್ದ. ತಿಪಟೂರು ಬರುವ ಹೊತ್ತಿಗೆ ಟಿಕೆಟ್ಟಿನ ಹಿಂದೆ ಎರಡು ಸಮೀಕರಣ ಬರೆದಿದ್ದೆ. ಬಿಡಿಸಿದರೆ ಕಾಯಿ ಬೀಳೋ ಜಾಗವೂ ಬರುತ್ತದೆ, ಎತ್ತರವೂ ಬರುತ್ತದೆ. ಆದರೆ ಕೊನೆಯ ಸಾಲಿನಲ್ಲಿ ದಶಮಾಂಶದ ಒಂದು ಭಾಗಾಕಾರ ಇದೆ.